ಎರಡನೇ ಪಂಕ್ತಿಯ ತೇಗು

ಪೀಣ್ಯ ಎರಡನೇ ಹಂತದಲ್ಲಿ ಪವರ್ ಪ್ರೆಸ್ಸುಗಳ ಬಡಿತಕ್ಕಿಂತ ಜೋರಾದ ಶಬ್ದ ಒಂದೇ ಇತ್ತು, ಅದು ನೀಲಾಂಬಿಕಾಳ ಬಾಯಿ. ರೋಣದ ಕಡೆಯ ಈ ಹೆಂಗಸು ಗಂಡ ತೀರಿಕೊಂಡ ಮೇಲೆ ಒಂದು ಶೀಟಿನ ಶೆಡ್ಡು ಹಿಡಿದು ಜೋಳದ ರೊಟ್ಟಿಯ ಖಾನಾವಳಿ ತೆರೆದಿದ್ದಳು. ಲೇತ್ ಓಡಿಸುವವರು, ಗಾರೆ ಕೆಲಸದವರು, ಗೇಟು ಕಾಯುವವರು, ಎಲ್ಲರ ಪಾಲಿಗೂ ಅವಳು ನೀಲಕ್ಕ. ಅವಳ ಖಾನಾವಳಿಯಲ್ಲಿ ಕಾನೂನು ಒಂದೇ: ಸಾಲಿನಲ್ಲಿ ಕೂತವನು ಯಾವ ಸೀಮೆಯ ದೊರೆಯಾದರೂ ಸರಿ, ಬದನೆಕಾಯಿ ಎಣಗಾಯಿ ಎಲ್ಲರಿಗೂ ಒಂದೇ ಸೌಟು. ಒಮ್ಮೆ ಬೇರಿಂಗ್ ಫ್ಯಾಕ್ಟರಿಯ ಮಾಲೀಕನೊಬ್ಬ ಕಾರಿನಿಂದಿಳಿದು ಬಂದು, ತನಗೆ ಮಾತ್ರ ಇನ್ನೊಂದಿಷ್ಟು ಬೆಣ್ಣೆ ಹಾಕು ಅಂದ. ನೀಲಕ್ಕ ಅವನ ತಾಟಿನಲ್ಲಿದ್ದ ಬೆಣ್ಣೆಯನ್ನೂ ಬಳಿದುಕೊಂಡು ಹೋದಳು. "ಪಂಕ್ತಿಭೇದ ಮಾಡಿದಾಕಿ ಮುಂದಿನ ಜನ್ಮದಾಗ ಹಲ್ಲಿ ಆಗ್ತಾಳ" ಎಂದು ಅವಳ ಅತ್ತೆ ಹೇಳುತ್ತಿದ್ದಳಂತೆ. ನೀಲಕ್ಕನಿಗೆ ಬಾಳಿನಲ್ಲಿ ಹೆದರಿಕೆ ಅಂತ ಇದ್ದದ್ದು ಎರಡಕ್ಕೆ. ಒಂದು ಹಲ್ಲಿ. ಇನ್ನೊಂದು, ಮತ್ತೆ ಹಲ್ಲಿಯೇ.

ಇಷ್ಟು ಗದ್ದಲದ ಹೆಂಗಸಿನ ಕಿಡ್ನಿ ಮಾತ್ರ ಚಕಾರವೆತ್ತದೆ ಕೆಟ್ಟಿತು. ಒಲೆಯ ಮುಂದೆ ನಿಂತು ನಿಂತು ಮೊಣಕಾಲು ಹಿಡಿಯುತ್ತಿತ್ತಲ್ಲ, ಮೆಡಿಕಲ್ ಶಾಪಿನ ನೋವಿನ ಮಾತ್ರೆಯನ್ನು ವರ್ಷಗಟ್ಟಲೆ ಪೆಪ್ಪರ್‌ಮಿಂಟಿನ ಹಾಗೆ ಚಪ್ಪರಿಸಿದ್ದಳು. ಕೊನೆಗೆ ಪಕ್ಕದ ಕಟ್ಟಡದ ಆಸ್ಪತ್ರೆಯವರು ಪರೀಕ್ಷೆ ಮಾಡಿ, ಕಿಡ್ನಿಯಲ್ಲಿ ಮೂರನೇ ಒಂದು ಪಾಲು ಮಾತ್ರ ಕೆಲಸ ಮಾಡುತ್ತಿದೆ ಎಂದರು. "ಅದ ಭಾಳಾತು ಬಿಡ್ರಿ, ನನ್ನ ಗಂಡ ಅಷ್ಟೂ ಮಾಡ್ತಿರಲಿಲ್ಲ" ಎಂದು ಎದ್ದು ಬಂದಳು. ಆಮೇಲೆ ಗುರುವಾರ ಗುರುವಾರ ಅಲ್ಲಿಗೆ ಹೋಗತೊಡಗಿದಳು. ಗುರುವಾರ ಕಿಡ್ನಿಯವರ ದಿನ.

ಅದೇ ಗುರುವಾರದ ಸಾಲಿನಲ್ಲಿ ಮುದಕಪ್ಪನೂ ಇದ್ದ. ಹೆಸರಷ್ಟೇ ಮುದಕಪ್ಪ, ವಯಸ್ಸು ಇನ್ನೂ ನಲವತ್ತೈದು ದಾಟಿರಲಿಲ್ಲ. ಖಾನಾವಳಿಯ ಎದುರಿನ ಸ್ಪ್ರಿಂಗ್ ಫ್ಯಾಕ್ಟರಿಯ ಗೇಟಿನಲ್ಲಿ ಸೆಕ್ಯುರಿಟಿ. ನೀಲಕ್ಕ ಶೆಡ್ಡು ತೆರೆದ ಹೊಸದರಲ್ಲಿ ಒಂದು ನರಪಿಳ್ಳೆಯೂ ಒಳಗೆ ಬರುತ್ತಿರಲಿಲ್ಲ. ಆಗ ಈ ಮುದಕಪ್ಪ ದಿನಾ ಬಂದು ಬಾಗಿಲಿಗೆ ಕಾಣುವ ಹಾಗೆ ಕೂತು, ಒಂದು ರೊಟ್ಟಿಯನ್ನು ಮದುವೆಯೂಟದಷ್ಟು ಹೊತ್ತು ಅಗಿಯುತ್ತಿದ್ದ. ಯಾಕೋ ಇಷ್ಟೊತ್ತು ಎಂದು ಕೇಳಿದರೆ, "ಖಾಲಿ ಖಾನಾವಳಿಗೆ ಯಾರ ಬರ್ತಾರಕ್ಕಾ? ಒಬ್ಬ ಕುಂತಿದ್ರ ಇನ್ನೊಬ್ಬ ಬರ್ತಾನ" ಅಂದಿದ್ದ. ಹಾಗೇ ಬಂದರು. ನೀಲಕ್ಕ ಅದನ್ನು ಒಂದು ದಿನವೂ ಬಾಯಿಬಿಟ್ಟು ಆಡಲಿಲ್ಲ, ಒಂದು ದಿನವೂ ಮರೆಯಲಿಲ್ಲ.

ಮುದಕಪ್ಪನ ಕಿಡ್ನಿ ನೀಲಕ್ಕನದಕ್ಕಿಂತ ಕೆಟ್ಟಿತ್ತು. ಅದರ ಮೇಲೆ ತುರಿಕೆ. ಕಿಡ್ನಿ ಸೋತವರ ಮೈಯಲ್ಲಿ ಏಳುವ ಆ ತುರಿಕೆಗೆ ಗಾಯವಿಲ್ಲ, ಗುಳ್ಳೆಯಿಲ್ಲ, ಮುಲಾಮೂ ನಾಟುವುದಿಲ್ಲ. ಗೇಟಿನ ಕಂಬಕ್ಕೆ ಬೆನ್ನು ಕೊಟ್ಟು ಎಮ್ಮೆಯ ಹಾಗೆ ಉಜ್ಜುತ್ತಿದ್ದ. ಊಟಕ್ಕೆ ಕೂತರೆ ಬಲಗೈ ತುತ್ತು ಎತ್ತುತ್ತಿತ್ತು, ಎಡಗೈ ಪಕ್ಕೆ ಕೆರೆಯುತ್ತಿತ್ತು. ಹೊರದೇಶದ ಗಿರಾಕಿಗಳು ಫ್ಯಾಕ್ಟರಿ ನೋಡಲು ಬಂದ ದಿನ ಸೆಲ್ಯೂಟ್ ಹೊಡೆದ ಕೈಯನ್ನು ಹಾಗೇ ಕತ್ತಿನ ಹಿಂದಕ್ಕೆ ಇಳಿಸಿ ಪರಪರ ಕೆರೆದುಕೊಂಡ. ಅವನನ್ನು ಕೆಲಸಕ್ಕಿಟ್ಟ ಏಜೆನ್ಸಿಯ ಸೂಪರ್‌ವೈಸರ್ ಬೈರಪ್ಪ ಅವತ್ತೇ ಸಂಜೆ ಬಂದು, "ನೋಡಪ್ಪ, ಅಂಟುರೋಗ ಅಂತಾವ್ರೆ ಒಳಗಡೆ. ಇನ್ನೊಂದ್ಸಲ ಕಂಪ್ಲೇಂಟ್ ಬಂದ್ರೆ ಯೂನಿಫಾರ್ಮ್ ಬಿಚ್ಚಿಟ್ಟು ಊರಿಗೆ ಹೋಗ್ತಾ ಇರು" ಎಂದು ಹೇಳಿ ಹೋಗಿದ್ದ. ನೌಕರಿ ಹೋದರೆ ಮುದಕಪ್ಪನಿಗೆ ಪೀಣ್ಯವೂ ಇಲ್ಲ, ಆಸ್ಪತ್ರೆಯೂ ಇಲ್ಲ.

ಆ ಹೊತ್ತಿಗೆ ಆಸ್ಪತ್ರೆಗೆ ರಕ್ಷಿತಾ ಎಂಬ ಡಾಕ್ಟರು ಬಂದಳು. ಮೂವತ್ತರ ಆಸುಪಾಸು, ದೊಡ್ಡ ಕನ್ನಡಕ, ಮಲದ ವಿಷಯವನ್ನು ಮಲ್ಲಿಗೆಯಷ್ಟು ನಾಜೂಕಾಗಿ ಮಾತಾಡುವವಳು. ಗುರುವಾರದವರನ್ನೆಲ್ಲ ಕೂರಿಸಿ, ತಾನೊಂದು ಸಂಶೋಧನೆ ಮಾಡುತ್ತಿದ್ದೇನೆ, ಒಪ್ಪಿಗೆಯಿದ್ದವರು ಸೇರಿಕೊಳ್ಳಬಹುದು ಎಂದಳು.

"ನಾವು ತಿನ್ನೋ ಕಾಳು, ಸೊಪ್ಪು, ರೊಟ್ಟಿ ಇದ್ರಲ್ಲೆಲ್ಲ ನಾರಿರುತ್ತೆ. ಅದು ನಮಗೆ ಅರಗಲ್ಲ. ದೊಡ್ಡ ಕರುಳಲ್ಲಿರೋ ಬ್ಯಾಕ್ಟೀರಿಯಾಗಳು ಅದನ್ನ ತಿಂದು, ಹುಳಿ ಬರಿಸಿ, ಒಂದು ಥರ ಆಮ್ಲ ಮಾಡ್ತಾವೆ. ಶಾರ್ಟ್ ಚೈನ್ ಫ್ಯಾಟಿ ಆಸಿಡ್ ಅಂತಾರೆ. ನಮ್ಮ ರಕ್ತದಲ್ಲಿ ರೋಗದ ಜೊತೆ ಹೊಡೆದಾಡೋ ಕಣಗಳು ಇರುತ್ತಲ್ಲ, ಅವುಗಳಿಗೆ 'ಸಾಕು, ಸುಮ್ನಿರ್ರೋ' ಅಂತ ಹೇಳೋ ಹಿರಿಯ ಕಣಗಳೂ ಇದ್ದಾವೆ. ಈ ಆಮ್ಲ ಇದ್ರೆ ಆ ಹಿರಿಯರು ಹೆಚ್ಚಾಗ್ತಾರೆ. ಕಿಡ್ನಿ ಕೆಟ್ಟವರ ಕರುಳಲ್ಲಿ ಒಳ್ಳೇ ಬ್ಯಾಕ್ಟೀರಿಯಾ ಕಮ್ಮಿ ಆಗೋಗಿರುತ್ತೆ. ಅದರ ಮೇಲೆ ಪೊಟ್ಯಾಸಿಯಂ ಜಾಸ್ತಿ ಅಂತ ನಾವೇ ಹಣ್ಣು ಸೊಪ್ಪು ಬಿಡಿಸಿರ್ತೀವಿ. ಆಮ್ಲ ಇಲ್ಲ, ಹಿರಿಯರಿಲ್ಲ, ಮೈಯೊಳಗೆ ಬರೀ ಜಗಳ. ತುರಿಕೆಗೂ ಇದೇ ಒಂದು ಕಾರಣ ಇರಬಹುದು ಅಂತ ನಮ್ಮ ಅನುಮಾನ."

"ಅಂದ್ರ ನನ್ನ ಹೊಟ್ಟ್ಯಾಗೂ ಒಂದು ಖಾನಾವಳಿ ಐತಿ" ಎಂದಳು ನೀಲಕ್ಕ. "ಗಿರಾಕಿ ಉಪಾಸ ಬಿದ್ದಾರ, ತಾಟು ಒಗದಾಡಾಕ ಹತ್ಯಾರ."

"ಹೂಂ, ಹೆಚ್ಚೂ ಕಮ್ಮಿ ಅದೇ. ಆ ಆಮ್ಲನೇ ಕ್ಯಾಪ್ಸೂಲ್‌ನಲ್ಲಿ ತುಂಬಿ ಕೊಡ್ತೀವಿ. ಆದ್ರೆ ಅರ್ಧ ಜನಕ್ಕೆ ನಿಜವಾದ ಔಷಧಿ, ಇನ್ನರ್ಧ ಜನಕ್ಕೆ ಬರೀ ಹಿಟ್ಟು. ಯಾರಿಗೆ ಯಾವುದು ಅಂತ ನಿಮಗೂ ಗೊತ್ತಿರಲ್ಲ, ನನಗೂ ಗೊತ್ತಿರಲ್ಲ. ಕಂಪ್ಯೂಟರ್ ಚೀಟಿ ಎತ್ತುತ್ತೆ."

ನೀಲಕ್ಕನ ಕಿವಿ ಕೇಳಿಸಿಕೊಂಡದ್ದು "ನಿಜವಾದ ಔಷಧಿ" ಎಂಬಲ್ಲಿಯವರೆಗೆ. ಎಲ್ಲರೂ ಸಹಿ ಹಾಕಿದರು. ರಕ್ತ ಕೊಡಲು ಖಾಲಿ ಹೊಟ್ಟೆಯಲ್ಲಿ ಬಂದಿದ್ದ ಆ ಇಡೀ ಗುಂಪು ಒಂದೊಂದು ಬಾಟಲಿ ಹಿಡಿದು ಸೀದಾ ಖಾನಾವಳಿಗೆ ನುಗ್ಗಿತು. ಮಾತ್ರೆಯನ್ನು ಊಟದ ಜೊತೆ ತೆಗೆದುಕೊಳ್ಳಬೇಕಿತ್ತಲ್ಲ.

ಕ್ಯಾಪ್ಸೂಲ್ ನೋಡಿದರೆ ಇಡೀ ಶೇಂಗಾಕಾಯಿಯಷ್ಟು ದಪ್ಪ. "ಇದನ್ನ ನುಂಗಿದ್ರ ಕಿಡ್ನಿಗಿಂತ ಮೊದಲ ಗಂಟಲು ಹೋಗ್ತೈತಿ" ಎಂದು ನೀಲಕ್ಕ ಅದನ್ನು ಎರಡು ಹೋಳು ಮಾಡಿ ಪುಡಿಯನ್ನು ಮಜ್ಜಿಗೆಗೆ ಸುರಿದುಕೊಂಡಳು. ವಾಸನೆಯಿಲ್ಲ, ರುಚಿಯಿಲ್ಲ, ಅಕ್ಕಿಹಿಟ್ಟಿನ ಹಾಗೆ ತೇಲಿತು. ಅವಳನ್ನು ನೋಡಿ ಉಳಿದವರೂ ಬಿಚ್ಚಿದರು. ಆಗ ಮೂಲೆಯಿಂದ ಒಂದು ನಾತ ಎದ್ದಿತು ನೋಡಿ! ಬೆಣ್ಣೆಯನ್ನು ತಿಂಗಳುಗಟ್ಟಲೆ ಬಿಸಿಲಿಗಿಟ್ಟು, ಅದರ ಮೇಲೆ ಹೋತವನ್ನು ಮಲಗಿಸಿದ ಹಾಗಿತ್ತು. ಕಮಟು ಅಂದರೆ ಕಮಟು. ಇಬ್ಬರು ಲೇತಿನವರು ಅರ್ಧ ಊಟ ಬಿಟ್ಟು ಎದ್ದರು.

ನಾತದ ಒಡೆಯ ಸೊಣ್ಣಪ್ಪ. ಈ ಶೆಡ್ಡುಗಳಿರುವ ಜಾಗದಲ್ಲಿ ಒಂದು ಕಾಲಕ್ಕೆ ರಾಗಿ ಬೆಳೆಯುತ್ತಿದ್ದವನು, ಈಗ ಬಾಡಿಗೆ ಎಣಿಸಿಕೊಂಡು ಸಂಜೆಯಾದರೆ ಬಾರಿನಲ್ಲಿ ಕೂರುವವನು. ಸಕ್ಕರೆ ಕಾಯಿಲೆಯಿಂದ ಕಿಡ್ನಿ ಅಷ್ಟಿಷ್ಟು ಸೋತಿತ್ತೇ ಹೊರತು ಗುಂಡುಕಲ್ಲಿನ ಹಾಗಿದ್ದ. "ನಾನೇನ್ ಮಾಡ್ಲಿ ಕಣಕ್ಕ, ಈ ಔಸ್ದಿನೇ ಇಂಗೆ" ಎಂದು ಮೂಗು ಹಿಡಿದುಕೊಂಡು ಕುಡಿದ.

ನೀಲಕ್ಕ ಸಾಲಿನುದ್ದಕ್ಕೂ ಒಂದೊಂದು ಲೋಟಕ್ಕೂ ಮೂಗು ಒಡ್ಡುತ್ತ ಹೋದಳು. ಒಬ್ಬರದು ನಾರುತ್ತಿತ್ತು, ಇನ್ನೊಬ್ಬರದು ಇಲ್ಲ. ಅವಳಿಗೆ ರಕ್ಷಿತಾಳ ಮಾತಿನ ಉಳಿದರ್ಧ ಆಗ ಅರ್ಥವಾಯಿತು. ನಾರಿದ್ದು ಔಷಧಿ, ನಾರದ್ದು ಹಿಟ್ಟು. ಕೊನೆಗೆ ಮುದಕಪ್ಪನ ಲೋಟಕ್ಕೆ ಬಂದಳು. ಮೂಸಿದಳು. ಇನ್ನೊಮ್ಮೆ ಮೂಸಿದಳು. ಬರೀ ಮಜ್ಜಿಗೆ.

ಅವಳ ಮೈಯೆಲ್ಲ ಉರಿದುಹೋಯಿತು. ಬಾರಿನಲ್ಲಿ ಬಿದ್ದಿರುವವನಿಗೆ ಔಷಧಿ, ಕಂಬಕ್ಕೆ ಮೈ ಉಜ್ಜುವವನಿಗೆ ಹಿಟ್ಟು! ಅದೂ ತನ್ನ ಶೆಡ್ಡಿನಲ್ಲಿ, ತನ್ನ ಕಣ್ಣೆದುರು, ಒಂದೇ ಪಂಕ್ತಿಯಲ್ಲಿ!

"ಎಲ್ಲಾರೂ ಬಾಟ್ಲಿ ಇಲ್ಲಿ ತರ್ರಿ" ಎಂದು ಒಂದು ಸ್ಟೀಲ್ ಡಬ್ಬಿ ಮಧ್ಯೆ ಇಟ್ಟಳು.

"ಅಕ್ಕ, ಕಂಪ್ಯೂಟರ್ ಚೀಟಿ ಎತ್ತಿರೋದು" ಎಂದ ಸೊಣ್ಣಪ್ಪ. "ನಂಗೆ ಒರಿಜಿನಲ್ ಬಂದೈತೆ, ಅದು ನನ್ ಅಣೇಬರ."

"ನಿನ್ನ ಕಂಪ್ಯೂಟರಿಗೆ ಊಟಕ್ಕ ಬಡಸೂದು ಕಲಿಸಿದವರ್ಯಾರು? ನನ್ನ ಮನ್ಯಾಗ ಕುಂತು ಒಬ್ಬವ ಹೋಳಿಗಿ ತಿಂದು ಇನ್ನೊಬ್ಬವ ಹೊಟ್ಟು ತಿನ್ನಂಗಿಲ್ಲ. ಬಾಟ್ಲಿ ಕೊಡ್ತಿಯೋ, ನಾಳಿಂದ ರೊಟ್ಟಿ ಬಂದ್ ಮಾಡ್ಲೋ?"

ಬಾಟಲಿ ಕೊಟ್ಟ. ಎಲ್ಲರೂ ಕೊಟ್ಟರು. ನೀಲಕ್ಕ ಎಲ್ಲ ಕ್ಯಾಪ್ಸೂಲುಗಳನ್ನೂ ಬಿಚ್ಚಿ ಒಂದೇ ಡಬ್ಬಿಗೆ ಸುರಿದಳು. ನಾತ ಮುಚ್ಚಲೆಂದು ಅಗಸಿ ಹಿಂಡಿಯನ್ನು, ಅಂದರೆ ಅಗಸೆಬೀಜ ಹುರಿದು ಕುಟ್ಟಿದ ಖಾರದ ಪುಡಿಯನ್ನು, ಬೆರೆಸಿದಳು. ತಲೆಗೊಂದು ಪೊಟ್ಟಣ ಕಟ್ಟಿ ಸಮನಾಗಿ ಹಂಚಿದಳು. ಅಲ್ಲಿಂದ ಪ್ರತಿ ಗುರುವಾರ ಇದೇ ಪೂಜೆ. ಖಾಲಿ ಬಾಟಲಿಗಳು ಆಸ್ಪತ್ರೆಗೆ ವಾಪಸ್ ಹೋಗುತ್ತಿದ್ದವು. ಒಂದು ಮಾತ್ರೆಯೂ ಉಳಿದಿರದ ಬಾಟಲಿ ನೋಡಿ ರಕ್ಷಿತಾ ಹಿಗ್ಗಿಹೋದಳು. ಇಷ್ಟು ಶಿಸ್ತಿನ ರೋಗಿಗಳನ್ನು ತಾನು ಎಲ್ಲೂ ಕಂಡಿಲ್ಲ ಎಂದು ಅವಳು ಹೊಗಳಿದರೆ, ಶಿಸ್ತಿನ ರೋಗಿಗಳು ನೆಲ ನೋಡಿಕೊಂಡು ಕೂರುತ್ತಿದ್ದರು.

ತಿಂಗಳುಗಳು ಉರುಳಿದವು. ಮುದಕಪ್ಪನ ತುರಿಕೆ ಪೂರ್ತಿ ಹೋಗಲಿಲ್ಲ, ಆದರೆ ಸ್ವಲ್ಪ ಇಳಿಯಿತು. ಕಂಬಕ್ಕೂ ಅವನ ಬೆನ್ನಿಗೂ ಇದ್ದ ನಂಟು ಸಡಿಲವಾಯಿತು. ಬೈರಪ್ಪ ಬಂದು ನೋಡಿ ಏನೂ ಅನ್ನದೆ ಹೋದ. ನೀಲಕ್ಕ ತನ್ನ ಸ್ಟೀಲ್ ಡಬ್ಬಿಯನ್ನು ದೇವರ ಗೂಡಿನ ಪಕ್ಕಕ್ಕೆ ಇಟ್ಟಳು.

ಒಂದು ಗುರುವಾರ ರಕ್ಷಿತಾ ತಾನೇ ಊಟಕ್ಕೆ ಬಂದಳು. ಗುಂಪೆಲ್ಲ ಸಾಲಾಗಿ ಕೂತಿತ್ತು. ರೊಟ್ಟಿ ಮುರಿದು ಹಾಗೇ ಕೈಯಲ್ಲಿ ಹಿಡಿದುಕೊಂಡು ಹೇಳಿದಳು: "ಸ್ಟಡಿ ಫೇಲ್ ಆಯ್ತು ಕಣ್ರೀ. ಔಷಧಿ ತಗೊಂಡವರ ರಕ್ತಕ್ಕೂ ಹಿಟ್ಟು ತಗೊಂಡವರ ರಕ್ತಕ್ಕೂ ಒಂದು ಚೂರೂ ವ್ಯತ್ಯಾಸ ಇಲ್ಲ. ಎಲ್ಲರಿಗೂ ಅಷ್ಟೋ ಇಷ್ಟೋ ವಾಸಿ, ಆದ್ರೆ ಒಂದೇ ಥರ. ಅದು ಬರೀ ಮನಸ್ಸಿನ ಸಮಾಧಾನ, ಈ ಔಷಧಿಲಿ ಏನೂ ಇಲ್ಲ ಅಂತ ನಮ್ಮ ಪ್ರೊಫೆಸರ್ ಬರೆದುಬಿಟ್ಟಿದ್ದಾರೆ. ತಯಾರಿನೂ ಸೇರಿ ನನ್ನ ಎರಡು ವರ್ಷ ನೀರಲ್ಲಿ ಹೋಮ ಆಯ್ತು."

ಸೊಣ್ಣಪ್ಪ ನೀಲಕ್ಕನ ಕಡೆ ನೋಡಿ, ಬಾಯಿಗೆ ಬೀಗ ಎಂದು ಕೈಸನ್ನೆ ಮಾಡಿದ. ಅವಳೂ ಹಾಗೇ ಅಂದುಕೊಂಡಳು. ಆದದ್ದಾಯಿತು, ಹೇಳಿದರೆ ಆಸ್ಪತ್ರೆಯವರು ಎಲ್ಲರನ್ನೂ ಓಡಿಸುತ್ತಾರೆ.

ಆಗ ಮುದಕಪ್ಪ ಮೆಲ್ಲಗೆ ಕೇಳಿದ: "ಹಂಗಾರ ಆ ಪುಡಿ ಇನ್ನ ಬರೂದಿಲ್ಲೇನ್ರಿ?"

"ಬರಲ್ಲ. ಕೆಲಸಕ್ಕೆ ಬಾರದ್ದು ಅಂತ ತೀರ್ಮಾನ ಆಯ್ತಲ್ಲ."

ಅವನ ಎಡಗೈ ತಾನಾಗಿಯೇ ಪಕ್ಕೆಗೆ ಹೋಯಿತು. ನೀಲಕ್ಕ ಅದನ್ನು ನೋಡಿದಳು. ಸೌಟು ಕೆಳಗಿಟ್ಟಳು.

"ತಂಗಿ" ಎಂದಳು. "ಪುಡಿದೇನೂ ತಪ್ಪಿಲ್ಲ. ತಪ್ಪು ನಂದ ಐತಿ." ದೇವರ ಗೂಡಿನ ಪಕ್ಕದ ಡಬ್ಬಿ ತಂದು ಮುಂದಿಟ್ಟು, ಮುಚ್ಚಳ ತೆಗೆದು, ಅಡಿಯಿಂದ ಮುಡಿಯವರೆಗೆ ಎಲ್ಲ ಹೇಳಿದಳು.

ರಕ್ಷಿತಾ ಡಬ್ಬಿಯನ್ನು ನೋಡಿದಳು, ಸಾಲನ್ನು ನೋಡಿದಳು, ಮತ್ತೆ ಡಬ್ಬಿಯನ್ನು ನೋಡಿದಳು. "ಕ್ಯಾಪ್ಸೂಲ್ ಬಿಚ್ಚಿದ್ರಾ? ಅದು ಕರುಳಿಗೆ ಹೋಗೇ ಬಿಚ್ಚಿಕೊಳ್ಬೇಕು ಅಂತ ಅದಕ್ಕೊಂದು ಕೋಟಿಂಗ್ ಹಾಕ್ಸೋಕೆ ನಾನು ಎಷ್ಟು ಜನರ ಕಾಲು ಹಿಡಿದಿದ್ದೀನಿ ಗೊತ್ತಾ? ಅದರ ಜೊತೆ ಅಗಸೆ ಬೇರೆ! ಅಗಸೆಲೂ ನಾರಿದೆ ಕಣ್ರೀ!" ಎಂದವಳು ಹಣೆ ಹಣೆ ಚಚ್ಚಿಕೊಂಡಳು. ಆಮೇಲೆ ಎಣಗಾಯಿಯ ಮುಂದೆ ಕೂತು, ಕನ್ನಡಕ ತೆಗೆದಿಟ್ಟು, ಗಳಗಳ ಅತ್ತಳು.

"ಅಳಬ್ಯಾಡ ನಮ್ಮವ್ವ. ಪಂಕ್ತಿಯೊಳಗ ಭೇದ ಮಾಡಬಾರದಂತ ಮಾಡಿದೆ" ಎಂದಳು ನೀಲಕ್ಕ.

ರಕ್ಷಿತಾ ತಲೆ ಎತ್ತಿದಳು. ನಾಜೂಕು ಎಲ್ಲಿ ಹೋಯಿತೋ. "ಯಾವ ಪಂಕ್ತಿ ಅಕ್ಕ? ಇಲ್ಲಿ ಕೂತಿರೋ ಇಷ್ಟೇ ಜನನಾ? ಪೀಣ್ಯದ ಆಚೆ, ರಾಯಚೂರಲ್ಲಿ, ಕೋಲಾರದಲ್ಲಿ, ರಾತ್ರಿಯೆಲ್ಲ ಕೆರ್ಕೊಂಡು ಕೂತಿರೋರು ಎಷ್ಟು ಸಾವಿರ ಜನ ಇದ್ದಾರೆ? ಅವರೂ ಇದೇ ಸಾಲಲ್ಲೇ ಕೂತಿದ್ದಾರೆ. ಇದು ಕೆಲಸ ಮಾಡುತ್ತೆ ಅಂತ ತೋರಿಸಿದ್ರೆ ಅವರಿಗೆಲ್ಲ ಸಿಗೋದು. ನೀವು ಇಲ್ಲಿ ಎಲ್ಲರಿಗೂ ಅರ್ಧರ್ಧ ಬಡಿಸಿ, ಅವರ ತಟ್ಟೆಗೆ ಮಣ್ಣು ಹಾಕಿದ್ರಿ."

ಬಾಯಿ ಸತ್ತ ನೀಲಕ್ಕನನ್ನು ಪೀಣ್ಯ ಅವತ್ತು ಮೊದಲ ಸಲ ಕಂಡಿತು. ಅವಳು ಯಾವತ್ತೂ ಎದುರು ಕಂಡ ತಾಟುಗಳಿಗಷ್ಟೇ ಬಡಿಸಿದವಳು. ಕಾಣದ ತಾಟುಗಳೂ ಇರುತ್ತವೆ ಎಂದು ಅವಳಿಗೆ ಯಾರು ಹೇಳಿದ್ದರು?

ಪ್ರೊಫೆಸರು ರಕ್ಷಿತಾಳನ್ನು ಎಷ್ಟು ಬೈದರೋ, ಅವಳು ಎಷ್ಟು ಮೀಟಿಂಗುಗಳಲ್ಲಿ ಕೈಕಟ್ಟಿ ನಿಂತಳೋ ಗೊತ್ತಿಲ್ಲ. ಮಳೆಗಾಲ ಮುಗಿಯುವ ಹೊತ್ತಿಗೆ ಮತ್ತೆ ಬಂದಳು. ಸಂಶೋಧನೆಯನ್ನು ಮೊದಲಿನಿಂದ ಮಾಡಲು ಅನುಮತಿ ಸಿಕ್ಕಿತ್ತು, ಕೊನೆಯ ಸಲ ಎಂಬ ಎಚ್ಚರಿಕೆಯ ಜೊತೆಗೆ.

"ಈ ಸಲ ಬೇರೆ ಥರ" ಎಂದಳು. "ಮಧ್ಯಾಹ್ನ ಜಾಗ ಸಾಲದೆ ಹೋದ್ರೆ ನೀವೇನ್ಮಾಡ್ತೀರಿ ಅಕ್ಕ?"

"ಎರಡನೇ ಪಂಕ್ತಿ ಹಾಕ್ತೀನಿ."

"ನಾನೂ ಅದನ್ನೇ ಮಾಡ್ತೀನಿ. ಅರ್ಧ ಜನಕ್ಕೆ ಮೊದಲು ಔಷಧಿ, ಆಮೇಲೆ ಹಿಟ್ಟು. ಉಳಿದವರಿಗೆ ಮೊದಲು ಹಿಟ್ಟು, ಆಮೇಲೆ ಔಷಧಿ. ಕೊನೆಗೆ ಎಲ್ಲರ ಹೊಟ್ಟೆಗೂ ಎರಡೂ ಬಿದ್ದಿರುತ್ತೆ. ಆದ್ರೆ ಬಿಚ್ಚಬಾರದು, ಬೆರೆಸಬಾರದು, ಮೂಸಬಾರದು. ಯಾರು ಯಾವ ಪಂಕ್ತಿ ಅಂತ ನನಗೆ ಅಪ್ಪಿತಪ್ಪಿಯೂ ಗೊತ್ತಾಗಬಾರದು. ಇದರ ಜವಾಬ್ದಾರಿ ನಿಮ್ಮದೇ. ನಿಮ್ಮ ಮಾತು ಬಿಟ್ಟು ಇವರು ಇನ್ಯಾರ ಮಾತೂ ಕೇಳಲ್ಲ."

ನೀಲಕ್ಕ ಒಪ್ಪಿದಳು. ಎರಡನೇ ಪಂಕ್ತಿಯಲ್ಲಿ ಪಾಪವಿಲ್ಲ. ಕಾಯುವವನಿಗೂ ಅದೇ ಅನ್ನ ಉಳಿದಿರಬೇಕು, ಅಷ್ಟೆ. ಅಂದಿನಿಂದ ಸೌಟು ಹಿಡಿದು ಸಾಲಿನ ಮುಂದೆ ನಿಂತು, ಒಬ್ಬೊಬ್ಬರೂ ಇಡೀ ಕ್ಯಾಪ್ಸೂಲ್ ನುಂಗಿ ಬಾಯಿ ತೆರೆದು ತೋರಿಸುವವರೆಗೆ ಬಿಡುತ್ತಿರಲಿಲ್ಲ. ಸೊಣ್ಣಪ್ಪನಿಗಂತೂ ನಾಲಿಗೆ ಎತ್ತಿಸಿ ನೋಡುತ್ತಿದ್ದಳು.

ಮೂಸಬಾರದು ಅಂದರೇನೋ ಸರಿ. ಆದರೆ ತೇಗಿಗೆ ಯಾರು ಕಾನೂನು ಹೇಳುತ್ತಾರೆ? ಕೋಟಿಂಗ್ ಎಷ್ಟೇ ಗಟ್ಟಿಯಿದ್ದರೂ ಉಂಡ ಮೇಲೆ ನೀಲಕ್ಕನಿಗೆ ಒಂದು ತೇಗು ಬಂತು, ಅದರ ಹಿಂದೆಯೇ ಆ ಹಳೆಯ ಕಮಟು ಬಂತು. ಅಯ್ಯೋ ಶಿವನೇ, ತಾನು ಒಂದನೇ ಪಂಕ್ತಿ! ಅವಳು ತಿರುಗಿ ಮುದಕಪ್ಪನ ಕಡೆ ನೋಡಿದಳು. ಅವನೂ ತೇಗಿದ. ಬೆಳ್ಳುಳ್ಳಿಯ ವಾಸನೆ ಬಂತು, ಜೋಳದ್ದು ಬಂತು, ಅಷ್ಟೇ.

ವಾರಗಳು ಕಳೆದ ಹಾಗೆ ಮುದಕಪ್ಪನ ತುರಿಕೆ ಮೊದಲಿನ ಎರಡರಷ್ಟಾಗಿ ತಿರುಗಿ ಬಂತು. ಅಂಗಿಯ ಬೆನ್ನಿನಲ್ಲಿ ರಕ್ತದ ಗೀರುಗಳು ಕಂಡವು. ಕಂಪ್ಲೇಂಟು ಹೋಯಿತು. ಬೈರಪ್ಪ ಬಂದ. ನೀಲಕ್ಕ ಅವನನ್ನು ಕೂರಿಸಿ, ರೊಟ್ಟಿ ಹಾಕಿ, ಬೇಡಿಕೊಂಡಳು, ಗದರಿಸಿದಳು, ಮತ್ತೆ ಬೇಡಿಕೊಂಡಳು. ಬೈರಪ್ಪ ಕೆಟ್ಟವನೇನಲ್ಲ. "ಯುಗಾದಿವರ್ಗೂ ಹಿಂದಿನ ಗೇಟಿಗೆ ಹಾಕ್ತೀನಿ ಅಕ್ಕ. ಅಲ್ಲಿ ಕಸದ ಲಾರಿ ಬಿಟ್ರೆ ಯಾರೂ ಬರಲ್ಲ. ಯುಗಾದಿ ಟೈಮಿಗೂ ಹಿಂಗೇ ಇದ್ರೆ ನನ್ ಕೈಲಿ ಆಗಲ್ಲ, ಬೇಜಾರ್ ಮಾಡ್ಕೋಬೇಡಿ" ಎಂದ.

ಆ ಮಧ್ಯಾಹ್ನ ನೀಲಕ್ಕ ತನ್ನ ಬಾಟಲಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡು, ಕುಂಟುತ್ತ ಫ್ಯಾಕ್ಟರಿಯನ್ನು ಸುತ್ತಿ ಹಿಂದಿನ ಗೇಟಿಗೆ ಹೋದಳು. ಮುದಕಪ್ಪ ಹೊಸ ಕಂಬಕ್ಕೆ ಬೆನ್ನು ಕೊಟ್ಟಿದ್ದ.

"ತಗೋ" ಎಂದು ಬಾಟಲಿ ಚಾಚಿದಳು. "ನಂದು ನಾರತೈತಿ. ನಿಂದು ಹಿಟ್ಟು. ಯಾರಿಗೂ ಹೇಳಬ್ಯಾಡ, ತಗೋ."

ಮುದಕಪ್ಪ ಬಾಟಲಿಯನ್ನೇ ನೋಡಿದ. ನೋಡುತ್ತ ನೋಡುತ್ತ ತೋಳು ಕೆರೆದುಕೊಂಡ. ಆಸೆಯಿರಲಿಲ್ಲ ಎಂದರೆ ಸುಳ್ಳು.

"ಅಕ್ಕಾ, ಎರಡನೇ ಪಂಕ್ತಿಗೆ ಕಾಯಾಂವ ಬಂದು ಒಂದನೇ ಪಂಕ್ತಿಯವನ ತಾಟಿಗೆ ಕೈ ಹಾಕಿದ್ರ ನೀ ಏನ ಮಾಡ್ತಿದ್ದಿ?"

"ಸೌಟಿಲೇ ಹೊಡೀತಿದ್ದೆ."

"ಮತ್ತ?"

"ಸುಟ್ಟ ಮಾರಿಯವನ! ನಿನ್ನ ಸಲುವಾಗಿ ಹಲ್ಲಿ ಆಗಾಕ ತಯಾರಾಗಿ ಬಂದೇನಿ" ಎಂದು ಬೈದಳು. ಬೈಯುತ್ತಲೇ ಕಣ್ಣೊರೆಸಿಕೊಂಡು ವಾಪಸ್ಸಾದಳು.

ಹೊಟ್ಟೆಯಲ್ಲಿ ಮಾತು ನಿಲ್ಲದ ಹೆಂಗಸು, ಮುಂದಿನ ಗುರುವಾರವೇ ರಕ್ಷಿತಾಳ ಹತ್ತಿರ ಬಾಟಲಿ ಹಿಡಿದು ಗೇಟಿಗೆ ಹೋಗಿದ್ದೆ ಎಂದು ಒಪ್ಪಿಕೊಳ್ಳತೊಡಗಿದಳು. ಯಾರ ಗೇಟು ಅಂತ ಬಾಯಿಗೆ ಬರುವಷ್ಟರಲ್ಲಿ ರಕ್ಷಿತಾ ಎರಡೂ ಕಿವಿ ಮುಚ್ಚಿಕೊಂಡು, "ಹೆಸರು ಹೇಳ್ಬೇಡಿ! ಯಾವ ಗೇಟೋ ಏನೋ, ಸ್ಟಡಿ ಮುಗಿಯೋವರೆಗೂ ಆ ಕಡೆ ತಲೆ ಹಾಕ್ಬೇಡಿ, ಅಷ್ಟೇ" ಎಂದು ಕಿರುಚಿದಳು. ನೀಲಕ್ಕ ಮಾತು ಕೊಟ್ಟಳು. ಹಿಂದಿನ ಗೇಟಿನಲ್ಲಿ ಬದಲಿ ಆಳಿಲ್ಲದ ಕಾರಣ ಮುದಕಪ್ಪನೂ ಊಟಕ್ಕೆ ಬರುವಂತಿರಲಿಲ್ಲ. ಅವನ ಬುತ್ತಿ ಡಬ್ಬಿಯಲ್ಲಿ ಹೋಗುತ್ತಿತ್ತು, ಖಾಲಿಯಾಗಿ ಬರುತ್ತಿತ್ತು. ಅವನ ರಕ್ತವನ್ನು ಡ್ಯೂಟಿಗೆ ಮೊದಲೇ ತೆಗೆಯುತ್ತಿದ್ದರು.

ನಡುವೆ ಬಾಟಲಿಗಳು ಬದಲಾದವು. ನೀಲಕ್ಕನ ತೇಗು ಸ್ವಚ್ಛವಾಯಿತು. ಸೊಣ್ಣಪ್ಪನದೂ ಸ್ವಚ್ಛವಾಯಿತು. "ಓಗ್ಲಿ ಬುಡು, ಈಗ ಬಾರಲ್ಲಿ ಪಕ್ಕ ಕೂತ್ಕೊಳ್ಳೋಕೆ ಜನ ಬತ್ತಾವ್ರೆ" ಎಂದು ಅವನು ಸಮಾಧಾನಪಟ್ಟ. ನೀಲಕ್ಕನಿಗೆ ಸಮಾಧಾನವಿಲ್ಲ. ತನ್ನದು ಹಿಟ್ಟಾದರೆ ಮುದಕಪ್ಪನದು ಔಷಧಿ ಆಗಿರಲೇಬೇಕು. ಆದರೆ ಕಂಪ್ಯೂಟರನ್ನು ನಂಬುವುದು ಹೇಗೆ? ಹೊಟ್ಟೆ ತುಂಬಿದವರಿಗೆ ಮೊದಲು ಬಡಿಸಿದ ಕಂಪ್ಯೂಟರ್ ಅದು. ಊಟದ ಡಬ್ಬಿ ತೊಳೆಯುವಾಗ ದಿನಾ ಅದನ್ನು ಮೂಸುತ್ತಿದ್ದಳು, ಸುಮ್ಮನೆ. ಏನೂ ತಿಳಿಯುತ್ತಿರಲಿಲ್ಲ. ಬರುವಷ್ಟರಲ್ಲಿ ಅವನು ಅದನ್ನು ಲಕಲಕ ತೊಳೆದೇ ಕಳಿಸಿರುತ್ತಿದ್ದ, ಪಾಪಿ.

ಯುಗಾದಿಯ ಹಿಂದಿನ ಗುರುವಾರ ಮಧ್ಯಾಹ್ನ. ಗುಂಪು ಊಟಕ್ಕೆ ಕೂತಿತ್ತು. ಮಾರನೆಯ ವಾರ ಕೊನೆಯ ರಕ್ತ ಕೊಡುವುದಿತ್ತು, ರಕ್ಷಿತಾ ಅದನ್ನು ನೆನಪಿಸಲು ಬಂದವಳು ರೊಟ್ಟಿಯ ಘಮಕ್ಕೆ ಸೋತು ಕೂತುಬಿಟ್ಟಿದ್ದಳು. ಬಾಗಿಲಲ್ಲಿ ಬೈರಪ್ಪ ಕಾಣಿಸಿಕೊಂಡ. ಅವನ ಹಿಂದೆ ಮುದಕಪ್ಪ. ನೀಲಕ್ಕನ ಕೈಯಲ್ಲಿದ್ದ ರೊಟ್ಟಿ ಹಾಗೇ ನಿಂತಿತು.

"ಊಟ ಹಾಕಿ ಅಕ್ಕ, ಆಮೇಲೆ ಮಾತಾಡೋಣ" ಎಂದ ಬೈರಪ್ಪ, ಮುಖದಲ್ಲಿ ಏನೂ ತೋರಿಸದೆ.

ಮುದಕಪ್ಪ ಮೊದಲಿನ ಹಾಗೆ ಬಾಗಿಲಿಗೆ ಕಾಣುವ ಜಾಗದಲ್ಲೇ ಕೂತ. ನೀಲಕ್ಕ ಬಡಿಸಿದಳು, ಎಲ್ಲರಿಗೂ ಹಾಕಿದಷ್ಟೇ, ಒಂದೇ ಸೌಟು. ಅವನು ತಲೆ ತಗ್ಗಿಸಿ ಉಂಡ. ಎರಡನೇ ರೊಟ್ಟಿ ಮುಗಿಸಿ, ಮಜ್ಜಿಗೆ ಕುಡಿದು, ಲೋಟ ಕೆಳಗಿಟ್ಟು, ತಡೆಯಲಾರದೆ ಒಂದು ತೇಗು ಬಿಟ್ಟ. ಸಣ್ಣದಲ್ಲ. ಅಡಿಯಿಂದ ಎದ್ದು ಬಂದ, ಉದ್ದನೆಯ ತೇಗು.

ನಾತ ಮೊದಲು ಬೈರಪ್ಪನಿಗೆ ತಟ್ಟಿತು. ಅವನು ಮೂಗು ಹಿಡಿದುಕೊಂಡ. ಆಮೇಲೆ ಸೊಣ್ಣಪ್ಪ "ಅಬ್ಬಬ್ಬಾ, ಬತ್ತಪ್ಪೋ!" ಎಂದು ತೊಡೆ ತಟ್ಟಿದ. ಅದೇ ಬೆಣ್ಣೆ, ಅದೇ ಹೋತ, ಅದೇ ಕಮಟು ಇಡೀ ಖಾನಾವಳಿಯನ್ನು ತುಂಬಿತು. ಅಷ್ಟರಲ್ಲಿ ರಕ್ಷಿತಾ ದುಪಟ್ಟಾದಿಂದ ಮೂಗು ಬಿಗಿಯಾಗಿ ಮುಚ್ಚಿಕೊಂಡು, "ನನಗೇನೂ ಗೊತ್ತಾಗಿಲ್ಲ! ನನಗೆ ನೆಗಡಿ! ಯಾರು ತೇಗಿದ್ದು ಅಂತ ನಾನು ನೋಡಿಲ್ಲ!" ಎಂದು ಕೂಗುತ್ತ, ಚಪ್ಪಲಿಯನ್ನೂ ಮೆಟ್ಟದೆ ಮೆಟ್ರೊ ಕಂಬದ ಕಡೆಗೆ ಓಡಿಹೋದಳು.

ಸಾಲಿನವರೆಲ್ಲ ನಕ್ಕರು. ನೀಲಕ್ಕ ನಗಲಿಲ್ಲ. ಅವಳು ಮುದಕಪ್ಪನ ಎಡಗೈಯನ್ನು ನೋಡುತ್ತಿದ್ದಳು. ಊಟಕ್ಕೆ ಕೂತಾಗಿನಿಂದ ಆ ಕೈ ಅವನ ಮೊಣಕಾಲಿನ ಮೇಲೆ ಸುಮ್ಮನೆ ಬಿದ್ದುಕೊಂಡಿತ್ತು. ಒಂದು ಸಲವೂ ಪಕ್ಕೆಗೆ ಹೋಗಿರಲಿಲ್ಲ.

"ಸೋಮವಾರದಿಂದ ಮುಂದಿನ ಗೇಟಿಗೆ ಹಾಕ್ತಾ ಇದೀನಿ" ಎಂದ ಬೈರಪ್ಪ, ಮೂಗು ಹಿಡಿದುಕೊಂಡೇ. "ಅದನ್ನ ಹೇಳೋಣ ಅಂತ್ಲೇ ಬಂದೆ."

ಮುದಕಪ್ಪ ನಾಚಿ ನೀರಾಗಿದ್ದ. "ತಪ್ಪಾತಕ್ಕಾ" ಎಂದ. "ಮಂದಿ ಉಣ್ಣು ಹೊತ್ತಿನ್ಯಾಗ ಹೊಲಸ ಮಾಡಿದೆ."

ಒಂದು ದಿನ ಕಿಡ್ನಿ ಪೂರ್ತಿ ಕೈಬಿಡಬಹುದು, ಡಯಾಲಿಸಿಸ್ ಮಷೀನಿಗೆ ಕಟ್ಟಬಹುದು. ಅದು ಇಬ್ಬರಿಗೂ ಗೊತ್ತಿತ್ತು. ಆದರೆ ಕಾಯ್ದವನ ತಾಟಿಗೆ ಇವತ್ತು ಅನ್ನ ಬಿದ್ದಿತ್ತು. ನೀಲಕ್ಕನಿಗೆ ಹುಟ್ಟಿದಾಗಿನಿಂದ ಇಷ್ಟು ಖುಷಿಯಾಗಿದ್ದು ನೆನಪಿರಲಿಲ್ಲ. ಅವಳು ಅವನ ಪಕ್ಕ ನೆಲದ ಮೇಲೆ ಕುಕ್ಕರುಗಾಲಿನಲ್ಲಿ ಕೂತು, ಆ ಹೊಲಸು ಗಾಳಿಯನ್ನು ಮೂಗಿನ ತುಂಬ ಎಳೆದುಕೊಂಡಳು.

"ಇನ್ನೊಮ್ಮಿ ತೇಗೋ, ಮುದಕಪ್ಪ" ಎಂದಳು.